ಅಪ್ಪನ ನಡ ಮತ್ತು ನಾನು ಮಟ್ಟ ಮಾಡಿದ ಕುಣಿ

ನನಗೆ ಸೊಟ್ಟಗಿರುವುದು ಕಂಡರೆ ಆಗುವುದಿಲ್ಲ. ಈಗ ಎಷ್ಟೋ ವಾಸಿ, ಹರೆಯದಲ್ಲಿ ಅದೊಂದು ರೋಗವೇ ಆಗಿತ್ತು. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ದೇವರ ಫೋಟೋ ವಾಲಿದ್ದರೆ ಎದ್ದು ಹೋಗಿ ಸರಿಮಾಡಿ ಬಂದೇ ಚಹಾ ಕುಡಿಯುತ್ತಿದ್ದೆ. ರೊಟ್ಟಿ ದುಂಡಗೆ ಬರದಿದ್ದರೆ ಹಿಟ್ಟನ್ನು ಮತ್ತೆ ಉಂಡೆ ಮಾಡಿ ಬಡಿಯುತ್ತಿದ್ದೆ. ಅಷ್ಟರಲ್ಲಿ ಉಣ್ಣಲು ಕೂತವರ ತಾಟಿನಲ್ಲಿ ಪಲ್ಯ ಮುಗಿದಿರುತ್ತಿತ್ತು. "ನಿನ್ನ ಮಾಡ್ಕೊಂಡಾಂವ ದಿನಾ ಮುಂಜಾನೆ ಕನ್ನಡಿ ಮುಂದ ನಿಂತು ಎರಡೂ ಕಡೆ ಮೀಸಿ ಅಳತಿ ಮಾಡ್ಕೋಬೇಕ ನೋಡು" ಎಂದು ಅವ್ವ ನಗುತ್ತಿದ್ದಳು. ಇಂಥ ನನ್ನನ್ನು ದೇವರು ಇಳಕಲ್ಲಿನಲ್ಲಿ, ಇಡೀ ಊರಿಗೇ ಸೊಟ್ಟಗೆ ಕೂರುವ ನೇಕಾರನ ಮಗಳಾಗಿ ಹುಟ್ಟಿಸಿದ.

ನಮ್ಮದು ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ಕಾಲು ಇಳಿಬಿಡುವಷ್ಟು ಆಳದ ಕುಣಿ, ಅದರ ದಂಡೆಯ ಮೇಲೆ ಅಡ್ಡಲಾಗಿ ಒಂದು ಜಾಲಿ ಹಲಗೆ. ಹಲಗೆಯ ಮೇಲೆ ಕುಳಿತು, ಕೆಳಗಿನ ಕೋಲುಗಳನ್ನು ಕಾಲಿನಿಂದ ಒಂದಾದ ಮೇಲೊಂದು ತುಳಿಯುತ್ತ, ಮೇಲೆ ಲಾಳಿ ಓಡಿಸಬೇಕು. ಅಪ್ಪನ ಕುಣಿಯ ಬಲ ದಂಡೆ ಸವೆದು ಎರಡು ಬೆರಳು ತಗ್ಗಾಗಿತ್ತು. ಅಷ್ಟು ಸಾಲದೆಂದು ಹಲಗೆಯ ಎಡ ತುದಿಯ ಕೆಳಗೆ ಅವನು ಹಳೆಯ ಚಪ್ಪಲಿಯ ಹಿಮ್ಮಡಿ ತುಂಡೊಂದನ್ನು ಸಿಕ್ಕಿಸಿಟ್ಟಿದ್ದ. ಹೀಗಾಗಿ ಅಪ್ಪ ಸದಾ ಎಡಗಡೆ ಎತ್ತರವಾಗಿ, ಬಲಕ್ಕೆ ಜಾರಿದವನ ಹಾಗೆ ಕೂರುತ್ತಿದ್ದ. ಬಾಗಿಲಲ್ಲಿ ನಿಂತು ನೋಡಿದರೆ ಯಾರೋ ಪಕ್ಕದವರ ಕಿವಿಯಲ್ಲಿ ಗುಟ್ಟು ಹೇಳುತ್ತಿರುವಂತೆ ಕಾಣುತ್ತಿತ್ತು. ಹಾಗೆ ಕೂತೇ ಅವನು ವಚನ ಗುನುಗುತ್ತ ದಿನವಿಡೀ ನೇಯುತ್ತಿದ್ದ. ಅವನ ಗುನುಗಿಗೆ ರಾಗವೂ ಇರಲಿಲ್ಲ, ಮಾತೂ ಪೂರ್ತಿ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಗಡಿಯಾರದ ಟಿಕ್‌ಟಿಕ್ ಇದ್ದಂತೆ. ಇದ್ದಾಗ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಪ್ಪನಿಗೆ ನಡ ನೋವು ಶುರುವಾದಾಗ ನಾನು ಕನ್ನಡ ಸಾಲೆಯಲ್ಲಿದ್ದೆ, ಎಪ್ಪತ್ತರ ದಶಕದ ಮಾತು. ಅದು ಬೀಗರ ಹಾಗೆ ವರ್ಷಕ್ಕೆರಡು ಸಲ ಬಂದು, ಎಂಟು ದಿನ ಇದ್ದು, ಉಪಚಾರ ಮಾಡಿಸಿಕೊಂಡು ಹೋಗುತ್ತಿತ್ತು. ಅವ್ವ ಕುಸುಬಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು, ಇಟ್ಟಿಗೆ ಕಾಸಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುತ್ತಿದ್ದಳು. ಇದ್ಯಾವುದಕ್ಕೂ ಬಗ್ಗದಿದ್ದರೆ ಹಿಂದಿನ ಓಣಿಯ ಮುದುಕಿಯೊಬ್ಬಳನ್ನು ಕರೆಸುತ್ತಿದ್ದರು. ಆಕೆ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಹಿಡಿದುಕೊಂಡ ನಡಕ್ಕೆ ಮೂರು ಸಲ ಒದ್ದರೆ ನೋವು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅಪ್ಪ ಬೋರಲು ಮಲಗುತ್ತಿದ್ದ. ಎಂಬತ್ತರ ಮುದುಕಿ ಗೋಡೆ ಹಿಡಿದುಕೊಂಡು, ಸೀರೆ ಒಂದಿಷ್ಟು ಎತ್ತಿ, "ತಪ್ಪ ತಿಳ್ಕೋಬ್ಯಾಡಪಾ" ಎಂದು ಮೊದಲೇ ಕ್ಷಮೆ ಕೇಳಿ ಒದೆಯುತ್ತಿದ್ದಳು. ಒದೆತ ಎನ್ನುವುದಕ್ಕಿಂತ ಅದು ನೊಣ ಓಡಿಸಿದಂತೆ ಇರುತ್ತಿತ್ತು. ಮೂರನೆಯದು ಮುಗಿದ ಕೂಡಲೇ ಅಪ್ಪ, "ಭಾಳ ಕಡಿಮಿ ಆತ ನೋಡಬೇ" ಎನ್ನುತ್ತಿದ್ದ. ಮುದುಕಿ ಬಾಗಿಲು ದಾಟುವವರೆಗೆ ಎದ್ದು ಕೂತಿರುತ್ತಿದ್ದ. ಆಮೇಲೆ ಹಲ್ಲು ಕಚ್ಚಿ ಮತ್ತೆ ಮಲಗುತ್ತಿದ್ದ.

ಇದು ಅಪ್ಪನ ಸ್ವಭಾವ. ಯಾರು ಏನು ಉಪಕಾರ ಮಾಡಿದರೂ ಅದರಿಂದ ತನಗೆ ಅರಾಮಾಯಿತು ಎಂದೇ ಹೇಳಬೇಕು. ಉಪ್ಪಿಲ್ಲದ ಸಾರಿಗೂ "ಛಲೋ ಆಗೇತಿ" ಎನ್ನುವ ಜೀವ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ನೋಡಿ.

ಎಂಬತ್ತರ ದಶಕ ಕಾಲಿಟ್ಟಿತ್ತು. ಶಿಕ್ಷಕಿಯ ತರಬೇತಿ ಮುಗಿಸಿ, ನೌಕರಿಯ ಆದೇಶ ಬರುವುದನ್ನು ಕಾಯುತ್ತ ನಾನು ಮನೆಯಲ್ಲಿದ್ದೆ. ತರಬೇತಿಯಲ್ಲಿ ನಮಗೆ ಆರೋಗ್ಯದ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಅದರಲ್ಲೊಂದು ಪುಟದಲ್ಲಿ ಎರಡು ಚಿತ್ರ: ಒಂದರಲ್ಲಿ ಒಬ್ಬ ಸೊಟ್ಟಗೆ ಕೂತಿದ್ದಾನೆ, ಅವನ ಮೇಲೆ ಕಾಟು ಹೊಡೆದಿದೆ. ಇನ್ನೊಂದರಲ್ಲಿ ನೆಟ್ಟಗೆ ಕೂತವನು ನಗುತ್ತಿದ್ದಾನೆ. ಕಾಟು ಬಿದ್ದವನು ನೂರಕ್ಕೆ ನೂರು ನಮ್ಮ ಅಪ್ಪ. ನನಗೆ ಇನ್ನೇನು ಬೇಕು? ಇಷ್ಟು ವರ್ಷದ ನೋವಿನ ಮೂಲ ಸಿಕ್ಕಿತು ಎಂದು ಪುಸ್ತಕ ಹಿಡಿದು ಅಪ್ಪನ ಮುಂದೆ ಕೂತು ಪಾಠ ಮಾಡಿದೆ. ಅಪ್ಪ ಲಾಳಿ ನಿಲ್ಲಿಸದೆ ಕೇಳಿ, "ಚಿತ್ರ ಭಾಳ ಚಂದ ತೆಗದಾರ" ಎಂದ. ಅವ್ವ ಒಲೆಯ ಮುಂದಿನಿಂದಲೇ, "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ನೀ ಒಬ್ಬಾಕಿ, ಕುಣಿಯಾವರು ಸುಮ್ಮನಿದ್ರೂ ನೆಲ ಡೊಂಕು ಅಂತಿ" ಎಂದಳು. ನಾನು ಸೋಲುವವಳಲ್ಲ.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಆ ಸಲದ ಅಮಾವಾಸ್ಯೆಗೆ ಅಪ್ಪ ಅವ್ವ ಇಬ್ಬರೂ ಮುಂಜಾನೆಯ ಮೊದಲ ಬಸ್ಸಿಗೆ ಬದಾಮಿಯ ಕಡೆ ಹೊರಟರು, ಬನಶಂಕರಿಗೆ. ಚೊಳಚಗುಡ್ಡದಲ್ಲಿ ಅವ್ವನ ಪರಿಚಯದವರಿದ್ದರು, ಬರುವುದು ಸಂಜೆಯೇ. ಬಸ್ಸು ತಿರುವಿನಲ್ಲಿ ಮರೆಯಾದದ್ದೇ ತಡ, ನಾನು ಗೌಂಡಿಯನ್ನು ಕರೆದುಕೊಂಡು ಬಂದೆ. ಗೋಡೆ ಕಟ್ಟುವ ಆ ಕಾಕಾನಿಗೆ ಮಗ್ಗದ ಮನೆಯೊಳಗೆ ಅಮಾವಾಸ್ಯೆ ದಿನ ಕಾಲಿಡಲು ಮನಸ್ಸಿರಲಿಲ್ಲ. "ಮಗ್ಗ ಮುಟ್ಟಬಾರದಂತ ಐತಿ ಖರೆ, ಕುಣಿ ಮುಟ್ಟಬಾರದಂತ ಯಾರು ಹೇಳ್ಯಾರ?" ಎಂದು ವಕೀಲರ ಹಾಗೆ ವಾದ ಹೂಡಿದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳ ಮೇಲೆ ದೂಳು ಕೂರದಂತೆ ಎರಡು ಚಾದರ ಹೊದಿಸಿದೆ. ಗೌಂಡಿ ಕಾಕಾ ಸವೆದ ದಂಡೆಯನ್ನು ಕೆತ್ತಿ ತೆಗೆದು, ನಮ್ಮೂರಿನ ಕೆಂಪು ಕಲ್ಲಿನ ಎರಡು ಪಟ್ಟಿ ಕೂರಿಸಿ, ಸಿಮೆಂಟು ಮೆತ್ತಿ, ರಸಮಟ್ಟ ಇಟ್ಟು ತೋರಿಸಿದ. ಒಳಗಿನ ಗುಳ್ಳೆ ಬರೋಬರಿ ನಡುವೆ ನಿಂತಿತ್ತು. ಅದನ್ನು ನೋಡಿ ನನಗಾದ ಸಂತೋಷ ಆಮೇಲೆ ಮದುವೆಯಲ್ಲೂ ಆಗಲಿಲ್ಲ. ಚಪ್ಪಲಿಯ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿನ ತಿಪ್ಪೆಗೆ ಎಸೆದೆ.

ಸಂಜೆ ಅಪ್ಪ ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದದ ಗಂಟು ಹಿಡಿದು ಬಂದ. ಕುಣಿಯನ್ನು ನೋಡಿದ. ಬಹಳ ಹೊತ್ತು ನೋಡಿದ. ಹೊಸ ಕೆಂಪು ಕಲ್ಲಿನ ಮೇಲೆ ಕೈಯಾಡಿಸಿದ.

"ಹ್ಯಾಂಗಾಗೇತಿ ಯಪ್ಪಾ?" ಎಂದೆ.

"ಭಾಳ ಛಲೋ ಆಗೇತಿ."

ಅವ್ವ ಕುಣಿಯನ್ನು ನೋಡಲಿಲ್ಲ, ಅಪ್ಪನ ಮುಖವನ್ನು ನೋಡಿದಳು. ಆಗಲಾದರೂ ನನಗೆ ತಿಳಿಯಬೇಕಿತ್ತು.

ಮರುದಿನದಿಂದ ಅಪ್ಪ ನೆಟ್ಟಗೆ ಕೂತು ನೇಯತೊಡಗಿದ. ಪುಸ್ತಕದ ಎರಡನೆಯ ಚಿತ್ರವೇ ಎದ್ದು ಬಂದು ನಮ್ಮ ಪಡಸಾಲೆಯಲ್ಲಿ ಕೂತಂತಿತ್ತು. ನಾನು ಓಣಿಯವರನ್ನು ಒಬ್ಬೊಬ್ಬರನ್ನಾಗಿ ಕರೆತಂದು ತೋರಿಸಿದೆ. ನನ್ನ ಮಾತು ಕೇಳಿ ಇನ್ನೆರಡು ಮನೆಯವರು ಅದೇ ಗೌಂಡಿಯಿಂದ ತಮ್ಮ ಕುಣಿಗಳನ್ನೂ ಮಟ್ಟ ಮಾಡಿಸಿಕೊಂಡರು. ಅವರಿಗೆ ಅದರಿಂದ ಒಳ್ಳೆಯದೇ ಆಯಿತೆಂಬುದನ್ನು ನ್ಯಾಯವಾಗಿ ಹೇಳಿಬಿಡುತ್ತೇನೆ. ಅಪ್ಪನನ್ನು ದಿನಾ ಸಂಜೆ "ನಡ ಹ್ಯಾಂಗೈತಿ?" ಎಂದು ಕೇಳುತ್ತಿದ್ದೆ. ದಿನಾ ಸಂಜೆ ಅವನು "ಅರಾಮೈತಿ" ಎನ್ನುತ್ತಿದ್ದ. ಒಂದು ದಿನ ಅವ್ವ ಜೋಳ ಹಸನು ಮಾಡುತ್ತ, "ನಿಮ್ಮಪ್ಪ ಗುನುಗೂದು ಬಿಟ್ಟಾನ, ಲಕ್ಷ್ಯ ಐತೇನು?" ಎಂದಳು. ಕಿವಿಗೊಟ್ಟು ಕೇಳಿದೆ. ಬರೀ ಮಗ್ಗದ ಸದ್ದು. "ಲಕ್ಷ್ಯ ಕೊಟ್ಟು ನೇಯಾಕತ್ಯಾನ ಬಿಡು" ಎಂದು ನಾನು ಅವ್ವನ ಬಾಯಿ ಮುಚ್ಚಿಸಿದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮುಂದಿನ ಅಮಾವಾಸ್ಯೆಗೆ ಇನ್ನೂ ಆರು ದಿನ ಇರುವಾಗ ಅಪ್ಪ ಕುಣಿಯಿಂದ ಏಳಲಾರದೆ ಹೋದ. ಮಧ್ಯಾಹ್ನ ಊಟಕ್ಕೆ ಕರೆದೆ, "ಬಂದೆ" ಎಂದ. ಮತ್ತೆ ಕರೆದೆ, "ಬಂದೆ" ಎಂದ. ಹೋಗಿ ನೋಡಿದರೆ ಎರಡೂ ಕೈಯನ್ನು ಕೆಂಪು ಕಲ್ಲಿಗೆ ಊರಿ, ಮುಖದ ತುಂಬ ಬೆವರು ಸುರಿಸುತ್ತ ಕೂತಿದ್ದ. ನಡದಿಂದ ಎಡಗಾಲಿನ ಹಿಂಬದಿಯುದ್ದಕ್ಕೂ ಕಾಯಿಸಿದ ಸರಳು ಎಳೆದಂತೆ ಆಗುತ್ತಿದೆಯಂತೆ. ನಾನೂ ಅವ್ವನೂ ಎರಡು ರಟ್ಟೆಗೆ ಕೈಹಾಕಿ ಎತ್ತಿದೆವು. ಅಷ್ಟು ನೋವಿನಲ್ಲೂ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಹಾಸಿನ ಮ್ಯಾಲ ಕೈ ಊರಬ್ಯಾಡ್ರಿ."

ಅಪ್ಪ ನೆಲದ ಮೇಲೆ ಚಾಪೆ ಹಿಡಿದ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತು. ದಾಳಿಂಬೆ ಬಣ್ಣದ ದಡಿಯ ಹಸಿರು ಸೀರೆ. ಒಡಲು ಮುಗಿಯುತ್ತ ಬಂದಿತ್ತು, ಸೆರಗು ಪೂರ್ತಿ ಬಾಕಿ. ಒಬ್ಬರು ಮಗ್ಗಕ್ಕೆ ಏರಿಸಿದ ಸೀರೆಯನ್ನು ಇನ್ನೊಬ್ಬರಿಂದ ಮುಗಿಸುವುದಿಲ್ಲ, ಕೈ ಬದಲಾದ ಜಾಗ ಬಟ್ಟೆಯಲ್ಲಿ ಕಂಡುಬಿಡುತ್ತದೆ. ಹುನಗುಂದದ ದವಾಖಾನೆಯಿಂದ ಮನೆಗೇ ಬಂದ ಡಾಕ್ಟರು ಇಂಜೆಕ್ಷನ್ ಕೊಟ್ಟು, "ಬಾಗಲಕೋಟಿಗೆ ಹೋಗಿ ಎಲುಬಿನ ಫೋಟೋ ತೆಗೆಸ್ರಿ. ಮಗ್ಗ ಬಿಡಬೇಕಾದ್ರೂ ಆಗಬಹುದು" ಎಂದರು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಚಾಪೆಯ ಮೇಲೆ ಮಲಗಿದಲ್ಲಿಂದ ಮಗ್ಗವನ್ನೇ ನೋಡುತ್ತಿದ್ದ. "ಇನ್ನೊಮ್ಮೆ ಕುಣ್ಯಾಗ ಇಳೀತೇನೋ ಇಲ್ಲೋ" ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು. ಜೀವನದಲ್ಲಿ ಅವನು ಬೇಕೆಂದು ಕೇಳಿದ್ದು ಅದೊಂದೇ. ನನಗೆ ಹೆದರಿಕೆಯಾಯಿತು.

ಹತ್ತು ದಿನ ಕಳೆದು, ಗೋಡೆ ಹಿಡಿದು ನಿಲ್ಲುವಷ್ಟಾದ ಮೇಲೆ ನಾನೇ ಅವನನ್ನು ಬಾಗಲಕೋಟೆಗೆ ಕರೆದೊಯ್ದೆ. ನಿಂತರೆ ಸೈ, ಮಲಗಿದರೆ ಸೈ, ಕೂತರೆ ಮಾತ್ರ ಜೀವ ಹೋಗುತ್ತಿತ್ತು. ಹಾಗಾಗಿ ಬಸ್ಸಿನಲ್ಲಿ ಅಪ್ಪ ನಿಂತ, ನಾನು ಕೂತೆ. ಅದನ್ನು ಕಂಡು ಇಡೀ ಬಸ್ಸು ನನ್ನನ್ನು ಬಯ್ಯತೊಡಗಿತು. ಹಡೆದ ತಂದೆಯನ್ನು ನಿಲ್ಲಿಸಿ ತಾನು ಕಿಟಕಿ ಹಿಡಿದು ಕೂತಿದ್ದಾಳೆ, ಕಲಿತ ಹುಡುಗಿಯರೇ ಹೀಗೆ, ಎಂದು ಹಿಂದಿನ ಸೀಟಿನವರು. ನಾನು ಎದ್ದು ನಿಂತು ಇಡೀ ಬಸ್ಸಿಗೆ ಅಪ್ಪನ ನಡದ ಚರಿತ್ರೆ ಹೇಳಬೇಕಾಯಿತು. ಮುಗಿಯುವಷ್ಟರಲ್ಲಿ ಬಸ್ಸು ದವಾಖಾನೆಯಾಗಿತ್ತು. ಒಬ್ಬರು ಎಕ್ಕದ ಎಲೆ ಎಂದರು, ಒಬ್ಬರು ಉಸುಕಿನ ಶಾಖ ಎಂದರು. ಹುನಗುಂದದಲ್ಲಿ ಹತ್ತಿದ, ಬಾಗಿಲು ತುಂಬುವಂಥ ಹೆಣ್ಣುಮಗಳೊಬ್ಬಳು ಎಲ್ಲ ಕೇಳಿಸಿಕೊಂಡು, "ನಾ ಕಾಲು ಮುಂದಾಗಿ ಹುಟ್ಟಿದಾಕಿ ಅದೇನಿ. ಇಲ್ಲೇ ಮೂರು ಒದೀಲೇನ್ರಿ?" ಎಂದಳು.

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ತಿರುಗಿ ನೋಡಿದ. "ಗಾಡ್ಯಾಗ ಒದಿಯಾಕ ಪರವಾನಗಿ ಇಲ್ರಿ. ಅಮೀನಗಡದಾಗ ಹತ್ತು ಮಿನಿಟು ನಿಲ್ಲತೈತಿ, ಅಲ್ಲಿ ಇಳಿದು ಒದೀರಿ" ಎಂದ.

ಅಮೀನಗಡದಲ್ಲಿ ಬಸ್ಸಿನ ಜನ ಅರ್ಧ ಕರದಂಟಿನ ಅಂಗಡಿಗೆ ಹೋದರು, ಅರ್ಧ ನಮ್ಮ ಸುತ್ತ ನಿಂತರು. ಅಪ್ಪ ಬಸ್ಸಿನ ಏಣಿ ಹಿಡಿದು ಬೆನ್ನು ಕೊಟ್ಟ. ಈಕೆ ನಮ್ಮ ಮುದುಕಿಯಂತಲ್ಲ, ಹೊಲದಲ್ಲಿ ದುಡಿದ ಕಾಲು. ಮೊದಲನೆಯದಕ್ಕೇ ಏಣಿ ಕಿರ್ರೆಂದಿತು. ನಾನು ನಡುವೆ ಹೋಗಿ, "ಒಂದ ಸಾಕ್ರಿ, ಇವರ ಮೈಗೆ ಒಂದ ನಾಟತೈತಿ" ಎಂದು ಕೈಮುಗಿದೆ. ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಏನೆಂದಿರಬಹುದು? "ಭಾಳ ಹಗುರಾತು ನೋಡ್ರಿ ತಾಯಿ." ಆಕೆಯ ಮುಖ ಅರಳಿತು. ಖುಷಿಗೆ ಕರದಂಟು ತಂದು ತನ್ನ ಕೈಯಾರೆ ಅಪ್ಪನ ಬಾಯಿಗಿಟ್ಟಳು. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅಪ್ಪನೂ ನಕ್ಕ, ನಕ್ಕರೆ ನೋಯುತ್ತದೆಂದು ಬಾಯಿ ಮುಚ್ಚಿಕೊಂಡು ನಕ್ಕ.

ಬಾಗಲಕೋಟೆಯ ಡಾಕ್ಟರು ಕಡಿಮೆ ಮಾತಿನ, ಹೆಚ್ಚು ಪ್ರಶ್ನೆಯ ಮನುಷ್ಯ. ಅಪ್ಪನನ್ನು ಮಲಗಿಸಿ ಕಾಲೆತ್ತಿಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಬಗ್ಗಿಸಿದರು. ಫೋಟೋ ತೆಗೆಸಿಕೊಂಡು ಬಂದ ಮೇಲೆ ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನಮ್ಮಿಬ್ಬರನ್ನೂ ಹತ್ತಿರ ಕರೆದರು.

"ಬೆನ್ನೆಲುಬು ಅಂದ್ರ ಎಲುಬಿನ ಮಣಿ ಮ್ಯಾಲ ಮಣಿ. ಎರಡು ಮಣಿ ನಡುವ ಒಂದು ಮೆತ್ತನ್ನ ಗಾದಿ. ಅದಕ್ಕ ಡಿಸ್ಕ್ ಅಂತೇವಿ. ಅದು ಫೋಟೋದಾಗ ಕಾಣೂದಿಲ್ಲ, ಆದ್ರ ಇಲ್ಲಿ ಕೆಳಗ ಸಂದು ಸಣ್ಣದಾಗೇತಿ ನೋಡ್ರಿ, ಅಂದ್ರ ಗಾದಿ ಸವದೈತಿ. ಇನ್ನ ಮಣಿ ಹಿಂದ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲು ಇರತಾವು. ಎಡಗಡೆ ಕೀಲಿನ ಗೆರಿ ಕಾಣತೈತಿ, ಬಲಗಡೆದು ಕಾಣೂದ ಇಲ್ಲ. ಯಾಕಂದ್ರ ಅವೆರಡರ ಮಾರಿ ಬ್ಯಾರೆ ಬ್ಯಾರೆ ದಿಕ್ಕಿಗೆ ಅದಾವು." ಡಾಕ್ಟರು ತಮ್ಮ ಎರಡು ಅಂಗೈಗಳನ್ನು ಎದೆಯ ಮುಂದೆ ಹಿಡಿದರು, ಒಂದನ್ನು ನೆಟ್ಟಗೆ ಮುಂದಕ್ಕೆ ಮಾಡಿದರು, ಇನ್ನೊಂದನ್ನು ಪಕ್ಕಕ್ಕೆ ತಿರುಗಿಸಿದರು. "ನೀವು ಬಗ್ಗಿದಾಗ ಒಂದು ಕೀಲು ಹಾದಿ ಬಿಡತೈತಿ, ಒಂದು ತಡೀತೈತಿ. ಮೈ ಸರಳ ಬಗ್ಗೂದಿಲ್ಲ, ಒಂದಿಷ್ಟು ತಿರುವತೈತಿ. ಆ ತಿರುವು ಎಲ್ಲಾ ನಡುವಿನ ಗಾದಿ ಮ್ಯಾಲ."

ಅಪ್ಪ ಫೋಟೋದ ಹತ್ತಿರ ಹೋಗಿ, ಬಟ್ಟೆಯ ನೇಯ್ಗೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. "ಎರಡೂ ದಡಿ ಬಿಗಿ ಒಂದ ಸಮ ಇಲ್ಲ ಅನ್ರಿ" ಎಂದ.

"ಅಂದ್ರ?"

"ಸೀರಿಗೆ ಎಡಕ್ಕೊಂದು ಬಲಕ್ಕೊಂದು ದಡಿ ಇರತೈತಲ್ರಿ ಸಾಹೇಬ್ರ. ಒಂದು ಬಿಗಿ, ಒಂದು ಸಡ್ಲ ಕಟ್ಟಿದ್ವಿ ಅಂದ್ರ ದಡಿಗೇನೂ ಆಗೂದಿಲ್ಲ. ನಡುವಿನ ಒಡಲು ಜಗ್ಗತೈತಿ. ಹರದ್ರೂ ಅದ ಹರೀತೈತಿ."

ಡಾಕ್ಟರು ಅಪ್ಪನನ್ನೇ ನೋಡುತ್ತ ನಿಂತರು. "ಇದನ್ನ ಇಷ್ಟು ಸಸಾರ ನಂಗೂ ಯಾರೂ ಹೇಳಿದ್ದಿಲ್ಲ" ಎಂದರು. ಆಮೇಲೆ ಒಂದು ಎಚ್ಚರಿಕೆಯನ್ನೂ ಹೇಳಿದರು: ಇದು ಹುಟ್ಟಿನಿಂದ ಬಂದ ರಚನೆ, ಯಾರ ತಪ್ಪೂ ಅಲ್ಲ, ಹೀಗೆ ಇದ್ದೂ ನೋವೇ ಕಾಣದವರು ಬೇಕಾದಷ್ಟು ಜನ ಇದ್ದಾರೆ, ನೋವಿಗೆ ಇದೊಂದೇ ಕಾರಣ ಎಂದು ದೊಡ್ಡ ಡಾಕ್ಟರುಗಳೂ ಆಣೆ ಮಾಡಿ ಹೇಳಲಾರರು. "ನಾನೂ ಹೇಳೂದಿಲ್ಲ. ಇಷ್ಟ ಹೇಳ್ರಿ, ನೀವು ಮಗ್ಗದಾಗ ಹ್ಯಾಂಗ ಕುಂದ್ರತೀರಿ?"

ಅಪ್ಪ ನನ್ನ ಕಡೆ ಒಮ್ಮೆ ನೋಡಿದ, ಕಿಟಕಿಯ ಕಡೆ ಒಮ್ಮೆ ನೋಡಿದ. "ಈಗ ನೆಟ್ಟಗ ಕುಂದ್ರತೇನ್ರಿ" ಎಂದ.

"ಮೊದಲ?"

"ಮೊದಲ ಸ್ವಲ್ಪ ವಾಲಿ ಕುಂದ್ರತಿದ್ದೆ. ಎಡಗಡೆ ಒಂದು ತುಂಡು ಇಟ್ಕೊಂಡು."

"ನೆಟ್ಟಗ ಕುಂದ್ರಾಕ ಯಾವಾಗಿಂದ ಶುರು ಮಾಡಿದ್ರಿ?"

"ಆಚಿ ಅಮಾಸಿಂದ್ರಿ."

"ನೋವು ಜಾಸ್ತಿ ಆಗಿದ್ದು?"

ಅಪ್ಪ ಮತ್ತೆ ಕಿಟಕಿ ನೋಡಿದ. ಗೋಡೆಯ ಮೇಲೊಂದು ಕ್ಯಾಲೆಂಡರ್ ವಾಲಿ ತೂಗುತ್ತಿತ್ತು. ಅಷ್ಟು ಹೊತ್ತಿನಿಂದ ಅದನ್ನು ಸರಿಮಾಡಲು ನನ್ನ ಕೈ ತುರಿಸುತ್ತಿತ್ತು. ಅಪ್ಪ ಮೆಲ್ಲಗೆ, "ಅಮಾಸಿ ಮರುದಿವಸದಿಂದ್ರಿ" ಎಂದಾಗ ಆ ತುರಿಕೆ ನಿಂತೇಹೋಯಿತು.

"ನಾನ ಮಾಡಿದ್ದು ಸಾಹೇಬ್ರ" ಎಂದೆ. ಗೌಂಡಿ, ರಸಮಟ್ಟ, ಕೆಂಪು ಕಲ್ಲು, ತಿಪ್ಪೆಗೆ ಎಸೆದ ಚಪ್ಪಲಿ ತುಂಡು, ಎಲ್ಲ ಹೇಳಿದೆ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವಳ ಮುಖ ಹೇಗಿರಬೇಕೋ ಹಾಗಿತ್ತು ನನ್ನದು. ಡಾಕ್ಟರು ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಬಾಯಿತುಂಬ ನಕ್ಕರು.

"ಪುಸ್ತಕದಾಗ ಇದ್ದದ್ದ ಮಾಡೀ ತಂಗಿ, ಬ್ಯಾರೆ ಯಾರಿಗಾದ್ರೂ ಅದು ಬರೋಬರಿ. ನಿಮ್ಮಪ್ಪನ ಮೈ ಇಷ್ಟು ವರ್ಷ ಹುಡುಕಿ ಹುಡುಕಿ ತನಗ ಸೇರೂ ಜಾಗಾ ಕಂಡ್ಕೊಂಡಿತ್ತು, ಅದನ್ನ ನೀ ಒಂದ ದಿವಸದಾಗ ಕಿತ್ತಿ. ಮತ್ತ ಹಂಗ ಮಾಡಿ ನೋಡು. ಖಾತ್ರಿ ನಾ ಕೊಡೂದಿಲ್ಲ." ಮೂರು ವಾರ ವಿಶ್ರಾಂತಿ, ಹೊಟ್ಟೆ ಬೆನ್ನು ಗಟ್ಟಿಯಾಗಲು ಮಲಗಿ ಮಾಡುವ ನಾಲ್ಕು ವ್ಯಾಯಾಮ, ಭಾರ ಎತ್ತುವುದು ಬಂದ್. ಮಗ್ಗ? "ಬಿಡಬ್ಯಾಡ್ರಿ. ಆದ್ರ ಲಾಳ್ಯಾಗ ನಾಲ್ಕು ಕಂಡಿಕಿ ನೂಲು ಮುಗದ ಕೂಡಲೆ ಎದ್ದು ಪಡಸಾಲ್ಯಾಗ ಎರಡು ಸುತ್ತು ಹಾಕ್ರಿ."

ಬಿಡಬ್ಯಾಡ್ರಿ ಎಂಬ ಮಾತು ಕೇಳಿ ಅಪ್ಪ ಡಾಕ್ಟರ ಎರಡೂ ಕೈ ಹಿಡಿದುಕೊಂಡ.

ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸಿಟ್ಟು ಹೊರಬಂತು. ತಪ್ಪು ನನ್ನದಾದರೂ ಸಿಟ್ಟು ಅಪ್ಪನ ಮೇಲೆ. "ಮೊದಲನೇ ದಿನಾನ ಹೇಳಾಕ ನಿಂಗೇನಾಗಿತ್ತು? ಬಾಯಿಗೆ ಕೀಲಿ ಹಾಕಿತ್ತೇನು?"

"ನೀ ಭಾಳ ಪ್ರೀತಿಲೆ ಮಾಡಿಸಿದ್ದಿ."

"ಪ್ರೀತಿಲೆ ವಿಷಾ ಕೊಟ್ರ ಕುಡೀತಿಯೇನು?"

ಅಪ್ಪ ಸ್ವಲ್ಪ ಯೋಚಿಸಿದ. "ಮತ್ತ ನೀ ಊರಿಗೆಲ್ಲಾ ಹೇಳಿಬಿಟ್ಟಿದ್ದೆಲ್ಲವಾ. ಎರಡ ಮನ್ಯಾಗ ಕುಣಿ ಬ್ಯಾರೆ ಅಗದಿದ್ರು. ಮಗಳ ಮಾರಿ ಸಣ್ಣದು ಆಗಬಾರದಂತ ಸುಮ್ಮನಾದೆ."

ಬಸ್ಸು ಅಮೀನಗಡದಲ್ಲಿ ನಿಂತಾಗ ಅಪ್ಪ ಕಿಟಕಿಯಿಂದ ಕರದಂಟು ಕೊಂಡು ನನ್ನ ಕೈಯಲ್ಲಿಟ್ಟ. ಬಾಯಿಗೆ ಹಾಕಿಕೊಂಡೆ, ಅಳು ಬಂತು. ಕರದಂಟು ಬಾಯಲ್ಲಿಟ್ಟುಕೊಂಡು ಅಳುವುದು ಬಹಳ ಕಷ್ಟ, ಹಲ್ಲಿಗೆ ಹಲ್ಲು ಅಂಟಿಕೊಳ್ಳುತ್ತದೆ. ನಾನು ಅಳುತ್ತಿದ್ದೇನೋ ಅಗಿಯುತ್ತಿದ್ದೇನೋ ತಿಳಿಯದೆ ಅಪ್ಪ ನಿಂತಲ್ಲೇ ನಗತೊಡಗಿದ. ಅಪ್ಪನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಮೂರು ವಾರ ಕಳೆದ ಮೇಲೆ ಕುಣಿಯನ್ನು ಮತ್ತೆ ಸೊಟ್ಟ ಮಾಡುವ ಕೆಲಸ. ಚಪ್ಪಲಿಯ ತುಂಡಿಗಾಗಿ ತಿಪ್ಪೆ ಕೆದಕಿದೆ, ಗೊಬ್ಬರ ಅಷ್ಟರಲ್ಲಿ ಯಾರದೋ ಹೊಲ ಸೇರಿತ್ತು. ಅದರ ದಪ್ಪ ಎಷ್ಟೆಂದು ಯಾರಿಗೂ ಗೊತ್ತಿಲ್ಲ. ಕೆಂಪು ಕಲ್ಲು ಬೇರೆ ಬಲ ದಂಡೆಯನ್ನು ಎತ್ತರ ಮಾಡಿತ್ತು, ಹಳೆಯ ಅಳತೆ ಸಿಕ್ಕರೂ ಸಾಲದು. ಹಲಗೆಯ ಕೆಳಗೆ ಮಡಚಿದ ಗೋಣಿಚೀಲ ಇಟ್ಟೆ. "ಹ್ಯಾಂಗೈತಿ?" "ಅರಾಮೈತಿ." ಕಟ್ಟಿಗೆಯ ಚಕ್ಕೆ ಇಟ್ಟೆ. "ಅರಾಮೈತಿ." ಅವ್ವನ ಸುಣ್ಣದ ಡಬ್ಬಿ ಇಟ್ಟೆ, ಅದಕ್ಕೂ "ಅರಾಮೈತಿ" ಎಂದ. ಡಬ್ಬಿ ಮಾತ್ರ ಅಪ್ಪಚ್ಚಿಯಾಗಿತ್ತು.

ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. "ಅವನ್ನ ಕೇಳಬ್ಯಾಡ. ಅವನ ಬಾಯಿಗೆ ಅದೊಂದ ಮಾತು ಬರೂದು. ಇಟ್ಟು ಬಾ, ಇಲ್ಲಿ ಕುಂತು ಕಿವಿ ಕೊಡೂಣು."

ಹೀಗೆ ನಮ್ಮ ಪರೀಕ್ಷೆ ಶುರುವಾಯಿತು. ಹಲಗೆಯ ಕೆಳಗೆ ಏನಾದರೊಂದು ಇಡುವುದು, ಒಳಗೆ ಬಂದು ಒಲೆಯ ಮುಂದೆ ಉಸಿರು ಬಿಗಿಹಿಡಿದು ಕೂರುವುದು. ಮಗ್ಗದ ಸದ್ದು ಕೇಳುತ್ತಿತ್ತು, ಗುನುಗು ಇಲ್ಲ. ಅದನ್ನು ತೆಗೆದು ಬೇರೆ ಇಡುವುದು. ಬಟ್ಟೆ ಒಗೆಯುವ ಕಲ್ಲಿನ ಚೂರು, ತೆಂಗಿನ ಚಿಪ್ಪು, ನನ್ನ ಹಳೆಯ ಪಾಟಿ. ಮೂರನೆಯ ದಿನ ಇಡಲು ಮನೆಯಲ್ಲಿ ಏನೂ ಉಳಿದಿರಲಿಲ್ಲ. ನನ್ನ ಟ್ರಂಕಿನಿಂದ ಒಂದು ವಸ್ತು ತೆಗೆದು, ಅಪ್ಪನಿಗೆ ಕಾಣದಂತೆ ಹಳೆಯ ದೋತರದ ತುಂಡಿನಲ್ಲಿ ಸುತ್ತಿ, ಎಡ ತುದಿಗೆ ಸಿಕ್ಕಿಸಿ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಲಾಳಿ ಓಡಿತು, ನಿಂತಿತು, ಮತ್ತೆ ಓಡಿತು. ಮೂರನೆಯ ಕಂಡಿಕೆಯ ಹೊತ್ತಿಗೆ ಅವ್ವನ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

ಪಡಸಾಲೆಯಿಂದ ಗುನುಗು ಬರುತ್ತಿತ್ತು. ರಾಗವಿಲ್ಲದ, ಮಾತು ಪೂರ್ತಿಯಿಲ್ಲದ ಅದೇ ಗುನುಗು. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆಯಾಡಿದರೂ ಇಬ್ಬರೂ ಏಳಲಿಲ್ಲ.

ನಾಲ್ಕು ಕಂಡಿಕೆ ಮುಗಿದ ಮೇಲೆ ಅಪ್ಪ ನಿಯಮದಂತೆ ಎದ್ದ. ಎರಡು ಸುತ್ತು ಹಾಕಿ ಬರುವಾಗ ದೋತರದ ಸುತ್ತು ಸರಿದು ಒಳಗಿದ್ದದ್ದು ಅವನಿಗೆ ಕಂಡಿತು. ಅದು ನನ್ನ ಆರೋಗ್ಯದ ಪುಸ್ತಕ. ನೆಟ್ಟಗೆ ಕೂರಬೇಕೆಂದು ನನಗೆ ಕಲಿಸಿದ ಅದೇ ದಪ್ಪ ಪುಸ್ತಕ. "ಏನವ್ವಿ ಇದು? ಪುಸ್ತಕದ ಮ್ಯಾಲ ಕುಂದ್ರಿಸೀ ನನ್ನ?" ಎಂದು ಅಪ್ಪ ಗಾಬರಿಯಾಗಿ ಅದನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಮಾಡದಲ್ಲಿ ದೇವರ ಪಕ್ಕಕ್ಕಿಟ್ಟ. ಇನ್ನು ಅದರ ಮೇಲೆ ಕೂರಲು ಸುತರಾಂ ಒಪ್ಪಲಿಲ್ಲ. ನಾನು ಪುಸ್ತಕವನ್ನು ಬಡಿಗೇರ ಮನೆಗೆ ಒಯ್ದು, "ಬರೋಬರಿ ಇಷ್ಟು ದಪ್ಪದ್ದು ಒಂದು ಹಲಗಿ ತುಂಡು ಬೇಕ್ರಿ" ಎಂದೆ. ಬಡಿಗೇರರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಓದೂದು ಮುಗೀತೇನವಾ?" ಎಂದು ಕೇಳಿದರು. "ಈಗ ಮುಗೀತ್ರಿ" ಎಂದೆ.

ಅಪ್ಪನ ನೋವು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಆ ನೋವಿನ ಬೀಗರು ಬರುತ್ತಿದ್ದರು, ಆದರೆ ಎರಡು ದಿನಕ್ಕೇ ಹೊರಡುತ್ತಿದ್ದರು. ಅದೇ ಕುಣಿಯಲ್ಲಿ ಅವನು ಬಹಳ ವರ್ಷ ಬಲಕ್ಕೆ ವಾಲಿ ಕೂತು ನೇಯ್ದ.

ನಿಂತುಹೋಗಿದ್ದ ಹಸಿರು ಸೀರೆ ಮುಗಿದದ್ದು ಗುಡೂರಿನ ಸಾಲೆಗೆ ನನ್ನ ನೌಕರಿಯ ಆದೇಶ ಬಂದ ವಾರದಲ್ಲೇ. ಸೀರೆಯನ್ನು ಮಗ್ಗದಿಂದ ಬಿಚ್ಚಿ ಅವ್ವನೂ ನಾನೂ ಎರಡು ತುದಿ ಹಿಡಿದು ಮಡಚಲು ಹೋದೆವು. ಮಡಿಕೆ ಕೂರಲಿಲ್ಲ. ಒಂದು ದಡಿ ಇನ್ನೊಂದಕ್ಕಿಂತ ಬೆರಳಿನಷ್ಟು ಮುಂದೆ ಬರುತ್ತಿತ್ತು. ಅಪ್ಪ ಒಡಲಿನ ಮೇಲೆ ಕೈಯಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. ಅಲ್ಲಿಂದ ಮುಂದೆ ಒಂದೂವರೆ ಮೊಳ ನೇಯ್ಗೆ ಬಲಗಡೆ ಬಿಗಿ, ಎಡಗಡೆ ಸಡಿಲ. ಆಮೇಲೆ ಸೆರಗಿನ ತುದಿಯವರೆಗೆ ಮತ್ತೆ ಒಂದೇ ಸಮ. ಯಾವ ದಿನಗಳಲ್ಲಿ ನೇಯ್ದದ್ದೆಂದು ಕೇಳುವ ಅಗತ್ಯವಿರಲಿಲ್ಲ. ಏಳಲಾರದೆ ಹೋಗುವ ಮುಂಚಿನ ಕೊನೆಯ ದಿನಗಳಲ್ಲಿ, ರಸಮಟ್ಟದ ಮೇಲೆ ಕೂತು ಹಲ್ಲು ಕಚ್ಚಿಕೊಂಡು ನೇಯ್ದ ಒಂದೂವರೆ ಮೊಳ ಅದು.

"ಇದು ಅಂಗಡಿಗೆ ಹೋಗೂದಿಲ್ಲ" ಎಂದ ಅಪ್ಪ. "ಸಾಲಿಗೆ ಮೊದಲ ದಿನ ನೀ ಉಟ್ಟು ಹೋಗು."

"ಸೊಟ್ಟ ಐತೆಲ್ಲ ಯಪ್ಪಾ" ಎಂದೆ.

"ಉಟ್ಟಾಗ ಯಾರಿಗೂ ಕಾಣೂದಿಲ್ಲ. ಮಡಚೂವಾಗ ನಿಂಗೊಬ್ಬಾಕಿಗೆ ಗೊತ್ತಾಗತೈತಿ."

ಅದನ್ನುಟ್ಟು ಗುಡೂರಿನ ಬಸ್ಸು ಹತ್ತಿದೆ. ಸೀರೆ ಇವತ್ತಿಗೂ ನನ್ನ ಹತ್ತಿರ ಇದೆ, ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಚಿಡುತ್ತೇನೆ. ಪ್ರತಿ ಸಲವೂ ಒಂದು ದಡಿ ಬೆರಳಿನಷ್ಟು ಮುಂದೆ ಬರುತ್ತದೆ. ಎಳೆದು ಸರಿಮಾಡಲು ನಾನು ಹೋಗುವುದಿಲ್ಲ.